ಹಳೆ ಪಿಕಪ್‌ನ ಫ್ಯೂಯಲ್ ಪಂಪ್ ಓಡುತ್ತಿಲ್ಲವೇ? ಟ್ಯಾಂಕ್ ಇಳಿಸುವ ಮುಂಚೆ ವೈರ್ ನೋಡಿ

ಸೆಲ್ಫ್ ಹೊಡೆದರೆ ಇಂಜಿನ್ ಜೋರಾಗಿಯೇ ತಿರುಗುತ್ತದೆ, ಸ್ಟಾರ್ಟ್ ಮಾತ್ರ ಆಗುವುದಿಲ್ಲ. ಇಲ್ಲವೇ ಚೆನ್ನಾಗಿ ಓಡುತ್ತಿದ್ದ ಗಾಡಿ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಅರ್ಧ ಗಂಟೆ ತಣ್ಣಗಾಗಲು ಬಿಟ್ಟರೆ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಮತ್ತೆ ಹೊರಡುತ್ತದೆ. ಹಳೆಯ ಪೆಟ್ರೋಲ್ ಪಿಕಪ್ ಹೀಗೆ ಆಟ ಆಡಿಸಿದಾಗ ನೋಡಿದವರೆಲ್ಲ ಹೇಳುವುದು ಒಂದೇ ಮಾತು: ಪಂಪ್ ಹೋಗಿದೆ, ಹೊಸದು ಹಾಕಿ. ಟ್ಯಾಂಕ್ ಇಳಿಸಿ, ಹೊಸ ಪಂಪ್ ಕೂರಿಸಿ, ಬೆವರು ಒರೆಸಿಕೊಂಡು ಕೀ ತಿರುಗಿಸಿದರೆ ಮತ್ತೆ ಅದೇ ರಾಗ. ಹಳೆ ಪಂಪ್‌ಗೆ ಕರೆಂಟ್ ಸರಿಯಾಗಿ ಸಿಗುತ್ತಿರಲಿಲ್ಲ, ಹೊಸದಕ್ಕೂ ಸಿಗುತ್ತಿಲ್ಲ, ಅಷ್ಟೇ.

ಹಾಗಾಗಿ ನನ್ನ ಹಟ ಒಂದೇ. ಪಂಪ್ ಜೋಡಿಸಿಯೇ ಇರುವಾಗ ಅದರ ಕಪ್ಲರ್‌ನಲ್ಲಿ, ಅಂದರೆ ವೈರ್‌ಗಳು ಸೇರುವ ಪ್ಲಗ್‌ನಲ್ಲಿ, ಎಷ್ಟು ವೋಲ್ಟ್ ಇದೆ ಅಂತ ಅಳೆಯುವ ತನಕ ಹೊಸ ಪಂಪ್ ಕೊಳ್ಳಬೇಡಿ.

ಇಲ್ಲಿ ಹೇಳುತ್ತಿರುವುದು ಟ್ಯಾಂಕ್ ಒಳಗೆ ಎಲೆಕ್ಟ್ರಿಕ್ ಪಂಪ್ ಇರುವ, ಫ್ಯೂಯಲ್ ಇಂಜೆಕ್ಷನ್ ಪೆಟ್ರೋಲ್ ಪಿಕಪ್‌ಗಳ ಬಗ್ಗೆ. 1980ರ ದಶಕದ ಮಧ್ಯದಿಂದ 2000ದ ಆಸುಪಾಸಿನವರೆಗಿನ ಗಾಡಿಗಳು ಅಂದುಕೊಳ್ಳಿ. ಅದಕ್ಕಿಂತ ಹಳೆಯ ಕಾರ್ಬ್ಯುರೇಟರ್ ಗಾಡಿಗಳಲ್ಲಿ ಪಂಪ್ ಹೆಚ್ಚಾಗಿ ಇಂಜಿನ್ ಪಕ್ಕದಲ್ಲೇ ಬೋಲ್ಟ್ ಆಗಿರುತ್ತದೆ, ಕ್ಯಾಮ್‌ಶಾಫ್ಟ್ ಒತ್ತಿದ ಹಾಗೆ ಕೆಲಸ ಮಾಡುತ್ತದೆ. ಅದಕ್ಕೆ ಕರೆಂಟೇ ಬೇಡ. ಡೀಸೆಲ್ ಗಾಡಿಗಳ ಲೆಕ್ಕವೇ ಬೇರೆ.

ಕರೆಂಟ್ ಓಡಾಡುವ ದಾರಿ

ಬ್ಯಾಟರಿಯಿಂದ ಫ್ಯೂಸ್, ಫ್ಯೂಸ್‌ನಿಂದ ರಿಲೇ (ಸಣ್ಣ ಕರೆಂಟ್ ಕೊಟ್ಟರೆ ದೊಡ್ಡ ಕರೆಂಟ್ ಆನ್ ಆಗುವ ಸ್ವಿಚ್), ರಿಲೇಯಿಂದ ಚಾಸಿ ಉದ್ದಕ್ಕೂ ಹಿಂದಕ್ಕೆ ಹೋಗುವ ಒಂದು ವೈರ್, ಟ್ಯಾಂಕ್ ಮೇಲೆ ಒಂದು ಕಪ್ಲರ್, ಅದರಿಂದ ಟ್ಯಾಂಕ್ ಒಳಗಿನ ಪಂಪ್. ಪಂಪ್ ದಾಟಿದ ಮೇಲೆ ವಾಪಸ್ ಬರುವ ದಾರಿ ಅರ್ತ್ ವೈರ್, ಸಾಮಾನ್ಯವಾಗಿ ಕಪ್ಪು ಬಣ್ಣದ್ದು, ಹಿಂದೆ ಎಲ್ಲೋ ಚಾಸಿಗೆ ಒಂದು ಬೋಲ್ಟ್ ಹಾಕಿ ಕಚ್ಚಿಸಿರುತ್ತಾರೆ. ರಿಲೇಗೆ ಆನ್ ಆಗು, ಆಫ್ ಆಗು ಅಂತ ಹೇಳುವುದು ಇಂಜಿನ್ ಕಂಪ್ಯೂಟರ್, ಅಂದರೆ ಇಸಿಯು.

ಕೀ ಆನ್ ಮಾಡಿದ ಕೂಡಲೇ ಹೆಚ್ಚಿನ ಗಾಡಿಗಳಲ್ಲಿ ಇಸಿಯು ರಿಲೇಯನ್ನು ಸುಮಾರು 2 ಸೆಕೆಂಡ್ ಎಳೆದು ಹಿಡಿಯುತ್ತದೆ. ಪೈಪ್‌ನಲ್ಲಿ ಪ್ರೆಷರ್ ತುಂಬಲಿ ಅಂತ. ಆಮೇಲೆ ಬಿಟ್ಟುಬಿಡುತ್ತದೆ. ಇಂಜಿನ್ ತಿರುಗುತ್ತಿದೆ ಅನ್ನುವ ಸಿಗ್ನಲ್ ಬಂದರೆ ಮಾತ್ರ ಮತ್ತೆ ಎಳೆಯುತ್ತದೆ. ಅಪಘಾತ ಆಗಿ ಇಂಜಿನ್ ನಿಂತರೆ ಪಂಪ್ ಪೆಟ್ರೋಲ್ ಸುರಿಯುತ್ತಾ ಕೂರಬಾರದು ಅಲ್ವಾ, ಅದಕ್ಕೆ ಈ ಏರ್ಪಾಡು. ಈ 2 ಸೆಕೆಂಡ್ ವಿಷಯ ಗೊತ್ತಿಲ್ಲದವರು ಕೀ ಆನ್ ಮಾಡಿ, ಇಳಿದು, ಹಿಂದಕ್ಕೆ ನಡೆದುಹೋಗಿ ಮೀಟರ್ ಹಚ್ಚುತ್ತಾರೆ. ಅಷ್ಟು ಹೊತ್ತಿಗೆ ರಿಲೇ ಬಿಟ್ಟಾಗಿರುತ್ತದೆ, ಮೀಟರ್ ಸೊನ್ನೆ ತೋರಿಸುತ್ತದೆ, ಇವರು ವೈರ್ ಕಟ್ ಆಗಿದೆ ಅಂದುಕೊಳ್ಳುತ್ತಾರೆ.

ಇದಕ್ಕೂ ಹೊರತಾದ ಗಾಡಿಗಳಿವೆ. ಟೊಯೊಟಾದ 22ಆರ್‌ಇ ಇಂಜಿನ್‌ನ ಪಿಕಪ್‌ಗಳಲ್ಲಿ ಇಂಜಿನ್ ಎಳೆಯುವ ಗಾಳಿ ಅಳೆಯುವ ಏರ್‌ಫ್ಲೋ ಮೀಟರ್ ಒಳಗಿನ ಒಂದು ಸ್ವಿಚ್ ಪಂಪ್ ಓಡಿಸುತ್ತದೆ. ಕೀ ಆನ್ ಮಾಡಿದ ಮಾತ್ರಕ್ಕೆ ಅಲ್ಲಿ ಪಂಪ್ ಸದ್ದು ಬರುವುದಿಲ್ಲ. ಸೆಲ್ಫ್ ಹೊಡೆದಾಗ, ಆಮೇಲೆ ಗಾಳಿ ಒಳಗೆ ಎಳೆದುಕೊಂಡಾಗ ಮಾತ್ರ ಓಡುತ್ತದೆ. ಷೆವರ್ಲೆಯ ಥ್ರಾಟಲ್ ಬಾಡಿ ಇಂಜೆಕ್ಷನ್ (ಗಾಳಿ ಒಳಬರುವ ಬಾಯಲ್ಲೇ ಪೆಟ್ರೋಲ್ ಚಿಮ್ಮುವ ಹಳೆ ಬಗೆ) ಕಾಲದ ಟ್ರಕ್‌ಗಳಲ್ಲಿ ಇನ್ನೊಂದು ವಿಶೇಷ ಇದೆ: ರಿಲೇಗೆ ಜೊತೆಯಾಗಿ ಆಯಿಲ್ ಪ್ರೆಷರ್ ಸ್ವಿಚ್ ಕೂಡ ಪಂಪ್‌ಗೆ ಕರೆಂಟ್ ಕೊಡಬಲ್ಲದು. ರಿಲೇ ಸತ್ತಿದ್ದರೂ ತುಂಬಾ ಹೊತ್ತು ಸೆಲ್ಫ್ ಹೊಡೆದು ಆಯಿಲ್ ಪ್ರೆಷರ್ ಏರಿದರೆ ಗಾಡಿ ಸ್ಟಾರ್ಟ್ ಆಗುತ್ತದೆ. ಬೆಳಿಗ್ಗೆ ಜಾಸ್ತಿ ಹೊತ್ತು ಸೆಲ್ಫ್ ಬೇಕು, ಒಮ್ಮೆ ಹತ್ತಿಕೊಂಡರೆ ದಿನವಿಡೀ ಸರಿ ಅಂತ ಆ ಗಾಡಿಗಳವರು ಹೇಳಿದರೆ ಮೊದಲು ನೋಡಬೇಕಾದದ್ದು ರಿಲೇ ಮತ್ತು ಅದರ ವೈರಿಂಗ್. ನಿಮ್ಮ ಗಾಡಿಯ ವೈರಿಂಗ್ ಡಯಾಗ್ರಾಂ ಕೈಯಲ್ಲಿಲ್ಲದೆ ಶುರು ಮಾಡಬೇಡಿ ಅಂತ ಹೇಳುವುದು ಇದಕ್ಕೇ.

ಕೈಯಲ್ಲಿ ಏನಿರಬೇಕು

ಡಿಜಿಟಲ್ ಮಲ್ಟಿಮೀಟರ್, ಎಲ್ಇಡಿ ಟೆಸ್ಟ್ ಲ್ಯಾಂಪ್, ಫ್ಯೂಸ್ ಹೋಲ್ಡರ್ ಇರುವ ಒಂದು ಜಂಪರ್ ವೈರ್, ಎರಡು ವೈರ್ ಬೆಸೆದ ಹಳೆಯ 55 ವ್ಯಾಟ್ ಹೆಡ್‌ಲೈಟ್ ಬಲ್ಬ್, ಮತ್ತು ಗಾಡಿಯ ಉದ್ದಕ್ಕೂ ಸಾಲುವಷ್ಟು ಉದ್ದದ ಒಂದು ವೈರ್. ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಇದ್ದರೆ ಇನ್ನೂ ಸುಲಭ. ಜೊತೆಗೆ ಸಹಾಯಕ್ಕೆ ಒಬ್ಬರು ಬೇಕು, ಕೀ ತಿರುಗಿಸಲು.

ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಡಿಕೊಂಡಿರುತ್ತದೆ. ನೀವು ಮಲಗಿ ಕೆಲಸ ಮಾಡುವ ಜಾಗವೂ ಅದೇ. ಬಯಲಲ್ಲಿ ಕೆಲಸ ಮಾಡಿ, ಪೆಟ್ರೋಲ್ ಬೆಂಕಿಗೆ ಆಗುವ ಫೈರ್ ಎಕ್ಸ್‌ಟಿಂಗ್ವಿಷರ್ ಕೈಗೆಟಕುವಂತಿರಲಿ. ಗಾಜಿನ ಬಲ್ಬಿನ ಹಳೆ ಹ್ಯಾಂಡ್ ಲ್ಯಾಂಪ್ ಟ್ಯಾಂಕ್ ಹತ್ತಿರ ತರಬೇಡಿ, ಬಿದ್ದು ಒಡೆದರೆ ಅಲ್ಲೇ ಬೆಂಕಿ. ಗಾಡಿ ಎತ್ತಿದ್ದರೆ ಜಾಕ್ ನಂಬಿ ಕೆಳಗೆ ತೂರಬೇಡಿ, ಸ್ಟ್ಯಾಂಡ್ ಕೊಡಿ. ಇನ್ನೊಂದು ಮಾತು: ಟ್ಯಾಂಕ್ ಹತ್ತಿರ ವೈರ್ ಜೋಡಿಸುವಾಗ, ಬಿಚ್ಚುವಾಗ ಕೀ ಆಫ್ ಇರಲಿ. ಕಿಡಿ ಹಾರುವುದಿದ್ದರೆ ಅದು ಗಾಡಿಯ ಮುಂದುಗಡೆಯೇ ಹಾರಲಿ.

ಮೊದಲು ಕಿವಿ, ಆಮೇಲೆ ಮೀಟರ್

ಬ್ಯಾಟರಿ ಪೂರ್ತಿ ಚಾರ್ಜ್ ಇದೆಯಾ ನೋಡಿ. ಏನೂ ಆನ್ ಇಲ್ಲದಾಗ ಸುಮಾರು 12.6 ವೋಲ್ಟ್ ಇರಬೇಕು. ಬ್ಯಾಟರಿಯೇ ಬಿದ್ದಿದ್ದರೆ ಮುಂದಿನ ಅಳತೆಗಳೆಲ್ಲ ದಾರಿ ತಪ್ಪಿಸುತ್ತವೆ.

ಈಗ ಪೆಟ್ರೋಲ್ ಮುಚ್ಚಳ ತೆಗೆದು ಕಿವಿ ಕೊಡಿ. ಸಹಾಯಕ್ಕೆ ಇರುವವರು ಕೀ ಆನ್ ಮಾಡಲಿ. ಗುಂಯ್ ಅಂತ ಎರಡು ಸೆಕೆಂಡ್ ಸದ್ದು ಬಂದು ನಿಂತರೆ ರಿಲೇಗೆ ಅಪ್ಪಣೆ ಬರುತ್ತಿದೆ, ಪಂಪ್ ತಿರುಗುತ್ತಿದೆ. ಸದ್ದು ಬಂತು ಅಂದ ಮಾತ್ರಕ್ಕೆ ಪಂಪ್ ಸರಿ ಇದೆ ಅಂತ ಅಲ್ಲ, 9 ವೋಲ್ಟ್‌ನಲ್ಲೂ ಅದು ಗೊಣಗುತ್ತದೆ. ಸದ್ದೇ ಇಲ್ಲದಿದ್ದರೆ ಡ್ಯಾಶ್‌ಬೋರ್ಡ್ ಕಡೆ ನೋಡಿ. ಕೀ ಆನ್ ಆದಾಗ ಚೆಕ್ ಇಂಜಿನ್ ದೀಪ ಹತ್ತಬೇಕು. ಅದೂ ಹತ್ತದಿದ್ದರೆ ಇಸಿಯುಗೇ ಸಪ್ಲೈ ಇಲ್ಲದಿರಬಹುದು. ಹಾಗಾದರೆ ಮೊದಲು ಇಸಿಯು ಫ್ಯೂಸ್, ಮೇನ್ ರಿಲೇ ನೋಡಿ, ಪಂಪ್ ತಂಟೆಗೆ ಆಮೇಲೆ ಬನ್ನಿ.

ಕೀ ಆನ್‌ನಲ್ಲಿ ಎರಡು ಸೆಕೆಂಡ್ ಸದ್ದು ಬಂದು, ಸೆಲ್ಫ್ ಹೊಡೆಯುವಾಗ ಪಂಪ್ ಓಡದಿದ್ದರೆ ಪ್ಲಗ್‌ನಲ್ಲಿ ಕಿಡಿ ಇದೆಯಾ ನೋಡಿ. ಕಿಡಿಯೂ ಇಲ್ಲ, ಪಂಪೂ ಓಡುವುದಿಲ್ಲ ಅಂದರೆ ಇಂಜಿನ್ ತಿರುಗುತ್ತಿದೆ ಅನ್ನುವ ಸುದ್ದಿಯೇ ಇಸಿಯುಗೆ ತಲುಪುತ್ತಿಲ್ಲ. ಆ ಸುದ್ದಿ ಕೊಡುವ ಕ್ರ್ಯಾಂಕ್ ಸೆನ್ಸರ್, ಇಲ್ಲವೇ ಡಿಸ್ಟ್ರಿಬ್ಯೂಟರ್ ಒಳಗಿನ ‘ಪಿಕಪ್ ಕಾಯಿಲ್’ ಅನ್ನುವ ಸುರುಳಿ ಕಡೆ ಹೋಗಿ. ಟ್ಯಾಂಕ್ ಮುಟ್ಟುವ ಅಗತ್ಯವೇ ಇಲ್ಲ.

ಒಂದು ಹಳೆ ಉಪಾಯವೂ ಇದೆ. ಸೆಲ್ಫ್ ಹೊಡೆಯುತ್ತಿರುವಾಗ ಟ್ಯಾಂಕ್ ತಳಕ್ಕೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟುವುದು. ತಟ್ಟಿದ ಕೂಡಲೇ ಪಂಪ್ ಎದ್ದು ಕೂತರೆ ಮೋಟಾರಿನ ಕಾರ್ಬನ್ ಬ್ರಷ್ ಸವೆದಿದೆ ಅನ್ನಬಹುದು. ಆದರೆ ತಟ್ಟಿದಾಗ ಮೇಲಿನ ಕಪ್ಲರ್ ಕೂಡ ಅಲುಗುತ್ತದೆ, ಮರೆಯಬೇಡಿ. ಸಡಿಲ ಕಪ್ಲರ್ ಸರಿಹೋದರೂ ಗಾಡಿ ಹೀಗೇ ಸ್ಟಾರ್ಟ್ ಆಗುತ್ತದೆ. ಮನೆಗೆ ತಲುಪಲು ಈ ಉಪಾಯ ಸಾಕು, ತೀರ್ಪು ಕೊಡಲು ಸಾಲದು.

ಫ್ಯೂಸ್ ಮತ್ತು ಇನರ್ಷಿಯಾ ಸ್ವಿಚ್

ಫ್ಯೂಸನ್ನು ಕಣ್ಣಿಗೆ ಹಿಡಿದು ನೋಡಿ ಸರಿ ಇದೆ ಅನ್ನಬೇಡಿ. ಕೀ ಆನ್ ಮಾಡಿ, ಫ್ಯೂಸ್ ತಲೆಯ ಮೇಲೆ ಕಾಣುವ ಎರಡೂ ಲೋಹದ ಚುಕ್ಕೆಗಳಿಗೆ ಟೆಸ್ಟ್ ಲ್ಯಾಂಪ್ ಮುಟ್ಟಿಸಿ. ಎರಡೂ ಕಡೆ ಹತ್ತಬೇಕು. ಕೂದಲೆಳೆಯಷ್ಟು ಬಿರುಕಿರುವ ಫ್ಯೂಸ್ ಕಣ್ಣಿಗೆ ಸಿಗುವುದಿಲ್ಲ.

ಫ್ಯೂಸ್ ಸುಟ್ಟಿದ್ದರೆ ಅದಕ್ಕೊಂದು ಕಾರಣ ಇದೆ. ದೊಡ್ಡ ಆಂಪಿಯರ್‌ದು ಹಾಕಿ ಸುಮ್ಮನಾದರೆ ಮುಂದಿನ ಸಲ ವೈರೇ ಸುಡುತ್ತದೆ. ಫ್ಯೂಸ್ ಜಾಗಕ್ಕೆ ಆ 55 ವ್ಯಾಟ್ ಬಲ್ಬ್ ಜೋಡಿಸಿ. ಮುಂದೆ ಎಲ್ಲೋ ಶಾರ್ಟ್ ಇದ್ದರೆ ಪಂಪ್‌ಗೆ ಕರೆಂಟ್ ಹೋಗುವ ಹೊತ್ತಿನಲ್ಲಿ ಬಲ್ಬ್ ಪೂರ್ತಿ ಬೆಳಕಿನಲ್ಲಿ ಉರಿಯುತ್ತದೆ, ಆದರೆ ಏನೂ ಸುಡುವುದಿಲ್ಲ, ಯಾಕೆಂದರೆ ಬಲ್ಬ್ 5 ಆಂಪಿಯರ್‌ಗಿಂತ ಹೆಚ್ಚು ಬಿಡುವುದಿಲ್ಲ. ಮುಂದೆ ಹೇಳುವ ಹಾಗೆ ರಿಲೇ ಸಾಕೆಟ್‌ಗೆ ಜಂಪರ್ ಹಾಕಿ ಬಲ್ಬ್ ಉರಿಯುತ್ತಲೇ ಇರುವಂತೆ ಮಾಡಿ, ಚಾಸಿ ಉದ್ದಕ್ಕೂ ವೈರ್ ಅಲುಗಾಡಿಸುತ್ತಾ ಹೋಗಿ, ಎಲ್ಲಿ ಮುಟ್ಟಿದಾಗ ಬೆಳಕು ಬದಲಾಗುತ್ತದೋ ಅಲ್ಲೇ ಕಳ್ಳ ಇದ್ದಾನೆ. ಚಾಸಿ ಅಂಚಿಗೆ ವೈರ್ ಉಜ್ಜುವ ಜಾಗ, ಸೈಲೆನ್ಸರ್ ಪೈಪ್ ಪಕ್ಕ, ಟ್ಯಾಂಕ್ ಪಟ್ಟಿಯ ಕೆಳಗೆ, ಈ ಮೂರು ಕಡೆ ಮೊದಲು ನೋಡಿ. ಎಲ್ಲೂ ಸಿಗದಿದ್ದರೆ ಜಂಪರ್ ತೆಗೆದು, ಕೀ ಆಫ್ ಮಾಡಿ ಟ್ಯಾಂಕ್ ಮೇಲಿನ ಕಪ್ಲರ್ ಬಿಚ್ಚಿ, ಆಮೇಲೆ ಮುಂದಿನಿಂದ ಮತ್ತೆ ಕರೆಂಟ್ ಕೊಡಿ. ಆಗ ಬಲ್ಬ್ ಹತ್ತದಿದ್ದರೆ ಶಾರ್ಟ್ ಇರುವುದು ಪಂಪ್ ಕಡೆ.

ಫೋರ್ಡ್ ಎಫ್ ಸರಣಿಯಂಥ ಟ್ರಕ್‌ಗಳಲ್ಲಿ ಇನರ್ಷಿಯಾ ಸ್ವಿಚ್ ಇದೆ. ಜೋರಾಗಿ ಗುದ್ದಿದರೆ ಪಂಪ್‌ನ ಕರೆಂಟ್ ಕಡಿಯುವ ಸ್ವಿಚ್ ಅದು, ಡ್ರೈವರ್ ಪಕ್ಕದ ಸೀಟಿನವರು ಕಾಲಿಡುವ ಜಾಗದಲ್ಲಿ ಇರುತ್ತದೆ. ಹಳ್ಳಕ್ಕೆ ಬಿದ್ದಾಗ, ಹಿಂದಿನಿಂದ ಯಾರಾದರೂ ತಾಗಿಸಿದಾಗ ಅದರ ಬಟನ್ ಮೇಲಕ್ಕೆ ಚಿಮ್ಮಿರಬಹುದು. ಎಲ್ಲೂ ಪೆಟ್ರೋಲ್ ಸೋರುತ್ತಿಲ್ಲ ಅಂತ ನೋಡಿಕೊಂಡು ಒತ್ತಿದರೆ ಆಯಿತು. ಹಳೆಯದಾದ ಸ್ವಿಚ್ ಬಟನ್ ಚಿಮ್ಮದೆಯೂ ಒಳಗೆ ಕೈಕೊಡುತ್ತದೆ, ಅದರ ಎರಡೂ ವೈರ್‌ಗಳಲ್ಲಿ ಅಳೆಯಿರಿ.

ರಿಲೇ: ಗಾಡಿಯನ್ನು ಎರಡು ಭಾಗ ಮಾಡುವ ಜಾಗ

ತೊಂದರೆ ಮುಂದುಗಡೆ ಇದೆಯೋ ಹಿಂದುಗಡೆ ಇದೆಯೋ ಅಂತ ಇಲ್ಲಿ ಐದು ನಿಮಿಷದಲ್ಲಿ ತಿಳಿಯುತ್ತದೆ. ಅದಕ್ಕೇ ಕೆಲಸ ಶುರು ಮಾಡಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಅದೇ ಪಿನ್ ಜೋಡಣೆಯ ಹಾರ್ನ್ ರಿಲೇ ಇದ್ದರೆ ಅದಲು ಬದಲು ಮಾಡಿ ನೋಡಿ. ಪಂಪ್ ಓಡಿ, ಹಾರ್ನ್ ನಿಂತುಹೋದರೆ ಕೆಲಸ ಮುಗಿದ ಹಾಗೆ. ಇಲ್ಲವಾದರೆ ರಿಲೇ ಕಿತ್ತು ಸಾಕೆಟ್‌ನಲ್ಲಿ ಅಳೆಯಿರಿ. ಸಾಮಾನ್ಯ ರಿಲೇಯಲ್ಲಿ ನಾಲ್ಕು ಪಿನ್: 30ಕ್ಕೆ ಬ್ಯಾಟರಿ ಸಪ್ಲೈ, 87ರಿಂದ ಪಂಪ್‌ಗೆ, 85 ಮತ್ತು 86 ರಿಲೇಯನ್ನು ಎಳೆಯುವ ಕಾಯಿಲ್‌ನವು, ಇಸಿಯು ಅಪ್ಪಣೆ ಬರುವುದು ಇವಕ್ಕೆ. ಟೊಯೊಟಾದಂಥ ಕೆಲವು ಗಾಡಿಗಳಲ್ಲಿ ಪಿನ್ ಹೆಸರು ಬೇರೆ ಇರುತ್ತವೆ, ಡಯಾಗ್ರಾಂ ನೋಡಿ.

30ಕ್ಕೆ ಟೆಸ್ಟ್ ಲ್ಯಾಂಪ್ ಹಚ್ಚಿ, ಇನ್ನೊಂದು ತುದಿ ಬ್ಯಾಟರಿ ಮೈನಸ್‌ಗೆ. ಹತ್ತಲೇಬೇಕು. ಹತ್ತದಿದ್ದರೆ ಹಿಂದಕ್ಕೆ ಫ್ಯೂಸ್, ಫ್ಯೂಸಿಬಲ್ ಲಿಂಕ್ (ಫ್ಯೂಸ್‌ನ ಹಾಗೆ ಕರಗುವ ವೈರ್ ತುಂಡು), ಇಗ್ನಿಷನ್ ಸ್ವಿಚ್ ಕಡೆ ಹೋಗಿ. ಆಮೇಲೆ 85 ಮತ್ತು 86ರ ನಡುವೆ ಎಲ್ಇಡಿ ಲ್ಯಾಂಪ್ ಹಿಡಿದು ಕೀ ಆನ್ ಮಾಡಿಸಿ. ಎರಡು ಸೆಕೆಂಡ್ ಹತ್ತಿ ಆರಬೇಕು, ಸೆಲ್ಫ್ ಹೊಡೆದಾಗ ಹತ್ತಿಕೊಂಡೇ ಇರಬೇಕು. ಹತ್ತದಿದ್ದರೆ ಲ್ಯಾಂಪ್ ತಿರುಗಿಸಿ ಹಿಡಿದು ಇನ್ನೊಮ್ಮೆ ನೋಡಿ, ಎಲ್ಇಡಿಗೆ ಪ್ಲಸ್ ಮೈನಸ್ ಭೇದ ಇದೆ. ಇಲ್ಲಿ ದೊಡ್ಡ ಬಲ್ಬ್ ಬಳಸಬೇಡಿ, ಇಸಿಯು ಒಳಗಿನ ಪುಟ್ಟ ಟ್ರಾನ್ಸಿಸ್ಟರ್‌ಗೆ ರಿಲೇ ಕಾಯಿಲ್‌ನಷ್ಟು ಭಾರ ಹೊರುವ ತಾಕತ್ತು ಮಾತ್ರ ಇರುತ್ತದೆ.

ಕೊನೆಗೆ ಫ್ಯೂಸ್ ಇರುವ ಜಂಪರ್‌ನಿಂದ 30 ಮತ್ತು 87 ಸೇರಿಸಿ. ಜಂಪರ್ ಫ್ಯೂಸ್ ಗಾಡಿಯ ಫ್ಯೂಸ್‌ನಷ್ಟೇ ಆಂಪಿಯರ್ ಇರಲಿ. ಇದು ರಿಲೇಯ ಕೆಲಸವನ್ನು ನಾವೇ ಮಾಡಿದ ಹಾಗೆ. ಈಗ ಪಂಪ್ ಬಿಡದೆ ಓಡಬೇಕು. ಓಡಿದರೆ ಹಿಂದಿನ ಅರ್ಧ ಮೇಲುನೋಟಕ್ಕೆ ಸರಿ, ದೋಷ ಇರುವುದು ರಿಲೇಯಲ್ಲೋ ಅದರ ಅಪ್ಪಣೆಯಲ್ಲೋ. ಓಡದಿದ್ದರೆ ಜಂಪರ್ ಹಾಗೇ ಇರಲಿ, ಹಿಂದಕ್ಕೆ ಹೋಗೋಣ. ಆ ಎರಡು ಸೆಕೆಂಡಿನ ರಗಳೆಯೂ ಈಗ ಇಲ್ಲ.

ಕೆಲವು ಕಂಪನಿಗಳು ಇದಕ್ಕೆಂದೇ ಒಂದು ಟೆಸ್ಟ್ ವೈರ್ ಬಿಟ್ಟಿವೆ. ಷೆವರ್ಲೆ, ಜಿಎಂಸಿ ಟ್ರಕ್‌ಗಳ ಬಾನೆಟ್ ಕೆಳಗೆ ಒಂಟಿ ಕೆಂಪು ವೈರ್ ಒಂದು ಸಿಗುತ್ತದೆ, ಅದಕ್ಕೆ 12 ವೋಲ್ಟ್ ಕೊಟ್ಟರೆ ಪಂಪ್ ಓಡುತ್ತದೆ. ಹಳೆ ಟೊಯೊಟಾಗಳ ಡಯಾಗ್ನೋಸ್ಟಿಕ್ ಡಬ್ಬಿಯಲ್ಲಿ ಎಫ್‌ಪಿ ಮತ್ತು ಪ್ಲಸ್ ಬಿ ಎರಡನ್ನೂ ಸೇರಿಸಿ ಕೀ ಆನ್ ಮಾಡಿದರೆ ಅದೇ ಕೆಲಸ.

ಎರಡು ಟ್ಯಾಂಕ್ ಇರುವ, ಟ್ಯಾಂಕಿಗೊಂದು ಪಂಪ್ ಇರುವ ಪಿಕಪ್ ಆದರೆ ನಿಮ್ಮ ಅದೃಷ್ಟ. ಡ್ಯಾಶ್‌ಬೋರ್ಡ್ ಸ್ವಿಚ್ ಬದಲಿಸಿ ಇನ್ನೊಂದು ಟ್ಯಾಂಕ್‌ನಲ್ಲಿ ಗಾಡಿ ಓಡಿದರೆ ಫ್ಯೂಸ್, ರಿಲೇ, ಇಸಿಯು ಎಲ್ಲ ಸರಿ ಅಂತಾಯಿತು. ತೊಂದರೆ ಆ ಸ್ವಿಚ್ಚಿನಿಂದ ಹಿಂದಕ್ಕೆ ಮಾತ್ರ.

ಟ್ಯಾಂಕ್ ಹತ್ತಿರ: ಮೀಟರ್ ಸುಳ್ಳು ಹೇಳುವ ಜಾಗ

ಹೆಚ್ಚಿನವರು ಎಡವುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

ಸಾಮಾನ್ಯವಾಗಿ ಮಾಡುವುದೇನು? ಕಪ್ಲರ್ ಬಿಚ್ಚುತ್ತಾರೆ, ವೈರ್ ಕಡೆಯ ಪಿನ್‌ಗೆ ಮೀಟರ್ ಹಚ್ಚುತ್ತಾರೆ, 12.6 ಬರುತ್ತದೆ. ಕರೆಂಟ್ ಬರ್ತಿದೆ, ಹಾಗಾದರೆ ಪಂಪೇ ಹೋಗಿದೆ ಅನ್ನುತ್ತಾರೆ. ಈ ತೀರ್ಮಾನ ತಪ್ಪಾಗಬಹುದು. ಹೇಗೆ ಅಂತ ಲೆಕ್ಕ ಹಾಕಿ ನೋಡಿ. ದಾರಿಯಲ್ಲಿ ಎಲ್ಲೋ ಒಂದು ಜೋಡಣೆ ತುಕ್ಕು ಹಿಡಿದು ಅರ್ಧ ಓಮ್ ರೆಸಿಸ್ಟೆನ್ಸ್ ಆಗಿದೆ ಅಂದುಕೊಳ್ಳಿ. ಡಿಜಿಟಲ್ ಮೀಟರ್ ಎಳೆಯುವ ಕರೆಂಟ್ ಮೈಕ್ರೋ ಆಂಪಿಯರ್ ಲೆಕ್ಕದಲ್ಲಿ. ಅಷ್ಟು ಪುಟ್ಟ ಕರೆಂಟ್‌ಗೆ ಅರ್ಧ ಓಮ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮೀಟರ್ ಪೂರ್ತಿ 12.6 ತೋರಿಸುತ್ತದೆ. ಪಂಪ್ ಜೋಡಿಸಿ. ಅದು 5 ಆಂಪಿಯರ್ ಎಳೆಯುತ್ತದೆ. ಅರ್ಧ ಓಮ್ ಇಂಟು 5 ಅಂದರೆ 2.5 ವೋಲ್ಟ್ ಆ ತುಕ್ಕಿನಲ್ಲೇ ಕರಗಿತು. ಪಂಪ್‌ಗೆ ಸಿಕ್ಕಿದ್ದು 10 ವೋಲ್ಟ್ ಚಿಲ್ಲರೆ. ಅದು ಮೆತ್ತಗೆ ತಿರುಗುತ್ತದೆ, ಪ್ರೆಷರ್ ಏರುವುದಿಲ್ಲ.

ವೈರ್ ಒಳಗಿನ ಎಳೆಗಳೆಲ್ಲ ಕತ್ತರಿಸಿಹೋಗಿ ಒಂದೇ ಒಂದು ಎಳೆ ಉಳಿದಿದ್ದರೂ ಕಥೆ ಇದೇ. ಓಮ್ ಅಳೆಯೋಣ ಅಂದರೆ ಅದೂ ಕಷ್ಟ. ಸಾಧಾರಣ ಮೀಟರಿನ ಪ್ರೋಬ್ ವೈರ್‌ಗಳೇ 0.2 ಅಥವಾ 0.3 ಓಮ್ ತೋರಿಸುತ್ತವೆ, ಅದರ ನಡುವೆ ಅರ್ಧ ಓಮ್ ದೋಷವನ್ನು ನಂಬಿಕೆಯಿಂದ ಹಿಡಿಯಲು ಆಗುವುದಿಲ್ಲ.

ಆದ್ದರಿಂದ ಕಪ್ಲರ್ ಜೋಡಿಸಿಯೇ ಇರಲಿ. ಕೀ ಆಫ್ ಇರುವಾಗ ಕಪ್ಲರ್ ಹಿಂಬದಿಯಿಂದ, ವೈರ್ ಒಳಹೋಗುವ ಸಂದಿಯಲ್ಲಿ ತೆಳು ಪಿನ್ ತೂರಿಸಿ ಟರ್ಮಿನಲ್‌ಗೆ ತಾಗಿಸಿ. ಪ್ಲಸ್‌ಗೊಂದು, ಅರ್ತ್‌ಗೊಂದು. ಎರಡು ಪಿನ್ ಒಂದಕ್ಕೊಂದು ತಾಗಬಾರದು. ಪಂಪ್ ಜೊತೆ ಫ್ಯೂಯಲ್ ಗೇಜ್ ವೈರ್ ಕೂಡ ಅದೇ ಕಪ್ಲರ್‌ನಲ್ಲಿ ಇರುತ್ತದೆ, ಬಣ್ಣ ನೋಡಿಕೊಳ್ಳಿ. ಆಮೇಲೆ ಮುಂದುಗಡೆ ರಿಲೇ ಸಾಕೆಟ್‌ಗೆ ಜಂಪರ್ ಹಾಕಿ ಪಂಪ್ ಓಡಿಸಿ, ಹಿಂದೆ ಎರಡು ಪಿನ್‌ಗಳ ನಡುವೆ ಅಳೆಯಿರಿ. ಅದೇ ಹೊತ್ತಿಗೆ ಬ್ಯಾಟರಿಯಲ್ಲಿ ಎಷ್ಟಿದೆ ಅಂತಲೂ ನೋಡಿ. ಎರಡರ ನಡುವೆ 1 ವೋಲ್ಟ್‌ಗಿಂತ ಜಾಸ್ತಿ ಅಂತರ ಇದ್ದರೆ ದಾರಿಯಲ್ಲಿ ಕಳ್ಳತನ ನಡೆಯುತ್ತಿದೆ. ಕೆಲವು ಗಾಡಿಗಳಲ್ಲಿ ಪಂಪ್ ಸದ್ದು ಕಡಿಮೆ ಮಾಡಲು ರೆಸಿಸ್ಟರ್ ಹಾಕಿ ಬೇಕೆಂದೇ ವೋಲ್ಟೇಜ್ ಇಳಿಸಿರುತ್ತಾರೆ, ಡಯಾಗ್ರಾಂನಲ್ಲಿ ಅದು ಇದೆಯಾ ನೋಡಿ.

ಕಳ್ಳತನ ಪ್ಲಸ್ ಕಡೆಯೋ ಅರ್ತ್ ಕಡೆಯೋ? ಆ ಉದ್ದದ ವೈರ್ ಬೇಕಾಗುವುದು ಈಗ. ಮೀಟರಿನ ಒಂದು ತುದಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಪಂಪ್ ಕಪ್ಲರ್‌ನ ಪ್ಲಸ್‌ಗೆ. ಪಂಪ್ ಓಡುತ್ತಿರುವಾಗ 0.5 ವೋಲ್ಟ್ ಒಳಗಿರಬೇಕು. ಆಮೇಲೆ ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಪಂಪ್‌ನ ಅರ್ತ್‌ಗೆ. ಇಲ್ಲಿ 0.2 ದಾಟಬಾರದು. ಯಾವ ಕಡೆ ಜಾಸ್ತಿ ಬಂತೋ ಆ ಕಡೆ ಒಂದೊಂದೇ ಜೋಡಣೆಯಾಗಿ ಹತ್ತಿರ ಬನ್ನಿ. 2 ವೋಲ್ಟ್ ತೋರಿಸುತ್ತಿದ್ದ ಮೀಟರ್ ಒಂದು ಕಪ್ಲರ್ ದಾಟಿದ ತಕ್ಷಣ 0.3ಕ್ಕೆ ಇಳಿದರೆ ಆ ಕಪ್ಲರೇ ಅಪರಾಧಿ. ಬಿಚ್ಚಿ ನೋಡಿ: ಹಸಿರು ಪುಡಿ, ಕಂದು ಬಣ್ಣಕ್ಕೆ ತಿರುಗಿದ ಪ್ಲಾಸ್ಟಿಕ್, ಬಿಸಿಯಿಂದ ಅಗಲವಾದ ಪಿನ್, ಏನಾದರೊಂದು ಇದ್ದೇ ಇರುತ್ತದೆ.

ಪಂಪ್ ಓಡುವುದೇ ಇಲ್ಲ ಅಂದರೆ? ಆಗ ಅದರ ಬದಲಿಗೆ ಆ ಹೆಡ್‌ಲೈಟ್ ಬಲ್ಬ್ ಭಾರ ಹೊರಲಿ. 55 ವ್ಯಾಟ್ ಅಂದರೆ ಸುಮಾರು 4.5 ಆಂಪಿಯರ್, ಪಂಪ್‌ನ ಹತ್ತಿರ ಹತ್ತಿರವೇ. ಕೀ ಆಫ್, ಜಂಪರ್ ತೆಗೆದಿರಲಿ. ಕಪ್ಲರ್‌ನ ವೈರ್ ಕಡೆಗೆ ಉದ್ದ ವೈರ್‌ಗಳಿಂದ ಬಲ್ಬ್ ಜೋಡಿಸಿ, ಬಲ್ಬನ್ನು ಟ್ಯಾಂಕ್‌ನಿಂದ ದೂರ ಇಡಿ, ಅದು ಚೆನ್ನಾಗಿ ಬಿಸಿಯಾಗುತ್ತದೆ. ಆಮೇಲೆ ಮುಂದಿನಿಂದ ಕರೆಂಟ್ ಕೊಡಿ. ಬಿಳಿ ಬೆಳಕು ಬಂದರೆ ಸಪ್ಲೈ, ಅರ್ತ್ ಎರಡೂ ಸರಿ, ಪಂಪ್ ಕಡೆಯೇ ದೋಷ. ಕೆಂಪಗೆ ಮಂಕಾಗಿ ಉರಿದರೆ ಮೀಟರ್ ಎಷ್ಟೇ 12.6 ಅಂದರೂ ನಂಬಬೇಡಿ.

ಅರ್ತ್ ಬೋಲ್ಟ್

ಪಿಕಪ್‌ನಲ್ಲಿ ನಾನು ಮೊದಲು ಸಂಶಯ ಪಡುವುದು ಇದನ್ನೇ. ಕಾರಿನಲ್ಲಿ ಈ ಬೋಲ್ಟ್ ಹೆಚ್ಚಾಗಿ ಡಿಕ್ಕಿಯೊಳಗೆ ಬೆಚ್ಚಗಿರುತ್ತದೆ. ಪಿಕಪ್‌ನಲ್ಲಿ ಹಿಂದಿನ ಚಕ್ರ ಎರಚುವ ಕೆಸರಿಗೇ ಮುಖ ಕೊಟ್ಟು ಕೂತಿರುತ್ತದೆ. ಬೋಲ್ಟ್ ಮೇಲಿನಿಂದ ಗಟ್ಟಿಯಾಗಿಯೇ ಕಾಣುತ್ತದೆ, ರಿಂಗ್ ಟರ್ಮಿನಲ್ ಮತ್ತು ಚಾಸಿ ನಡುವೆ ಕಾಗದದಷ್ಟು ತೆಳು ತುಕ್ಕಿನ ಪದರ ಕೂತಿರುತ್ತದೆ. ಬಿಚ್ಚಿ, ಎರಡೂ ಕಡೆ ಉಪ್ಪು ಕಾಗದದಿಂದ ಹೊಳೆಯುವ ತನಕ ಉಜ್ಜಿ, ರಿಂಗ್ ಒಳಗೆ ವೈರ್ ಸೇರುವ ಜಾಗ ಹಸಿರಾಗಿದ್ದರೆ ಅದನ್ನು ಕತ್ತರಿಸಿ ಹೊಸ ರಿಂಗ್ ಹಾಕಿ, ಬಿಗಿ ಮಾಡಿದ ಮೇಲೆ ಗ್ರೀಸ್ ಸವರಿ. ಸಂಶಯ ಇದ್ದರೆ ಪಂಪ್‌ನ ಅರ್ತ್ ವೈರ್‌ನಿಂದ ನೇರ ಬ್ಯಾಟರಿ ಮೈನಸ್‌ಗೆ ತಾತ್ಕಾಲಿಕವಾಗಿ ಒಂದು ದಪ್ಪ ವೈರ್ ಎಳೆದು ನೋಡಿ. ಪಂಪ್ ಸದ್ದು ಏರಿದರೆ ಉತ್ತರ ಸಿಕ್ಕಿತು. ಬ್ಯಾಟರಿ ತುದಿಯನ್ನು ಕೊನೆಗೆ ಸೇರಿಸಿ.

ಹಿಂದಿನ ದೀಪಗಳ ಹತ್ತಿರ ಯಾರಾದರೂ ಟ್ರೈಲರ್ ವೈರ್ ಎಳೆದಿದ್ದಾರಾ ಅಂತಲೂ ನೋಡಿ. ಹಳೆ ಮಾಲೀಕರು ಪಂಪ್‌ನ ಅರ್ತ್ ಮೇಲೆಯೇ ಎಲ್ಲವನ್ನೂ ಸುತ್ತಿ ಟೇಪ್ ಹಚ್ಚಿರುತ್ತಾರೆ. ಇಂಡಿಕೇಟರ್ ಹಾಕಿದಾಗಲೆಲ್ಲ ಫ್ಯೂಯಲ್ ಗೇಜ್ ಮುಳ್ಳು ಕುಣಿದರೆ ಅರ್ತ್ ಸರಿ ಇಲ್ಲ ಅಂತಲೇ ತಿಳಿಯಿರಿ.

ಎಷ್ಟು ಆಂಪಿಯರ್ ಎಳೆಯುತ್ತಿದೆ?

ಪಂಪ್ ಓಡುತ್ತದೆ, ವೋಲ್ಟ್ ಸರಿ ಇದೆ, ಆದರೂ ಗಾಡಿಯಲ್ಲಿ ಎಳೆತ ಇಲ್ಲ ಅಂದರೆ ಆಂಪಿಯರ್ ನೋಡಿ. ಜಂಪರ್ ವೈರ್‌ಗೆ ಕ್ಲ್ಯಾಂಪ್ ಮೀಟರ್ ಹಾಕಿ, ಇಲ್ಲವೇ ಮೀಟರನ್ನು 10 ಆಂಪಿಯರ್ ರೇಂಜ್‌ಗೆ ಇಟ್ಟು 30 ಮತ್ತು 87ರ ನಡುವೆ ಸೇರಿಸಿ. ಕಡಿಮೆ ಪ್ರೆಷರ್‌ನ ಥ್ರಾಟಲ್ ಬಾಡಿ ಗಾಡಿಗಳಲ್ಲಿ ಸುಮಾರು 3ರಿಂದ 5 ಆಂಪಿಯರ್, ಹೆಚ್ಚು ಪ್ರೆಷರ್ ಬೇಕಾದ ಗಾಡಿಗಳಲ್ಲಿ ಅದಕ್ಕಿಂತ ಜಾಸ್ತಿ. ವೋಲ್ಟ್ ಸರಿಯಿದ್ದೂ ಸೊನ್ನೆ ಆಂಪಿಯರ್ ಅಂದರೆ ಪಂಪ್ ಒಳಗೆ, ಇಲ್ಲವೇ ಟ್ಯಾಂಕ್ ಒಳಗಿನ ತುಂಡು ವೈರ್‌ನಲ್ಲಿ ದಾರಿ ಕಡಿದಿದೆ. ತೀರಾ ಜಾಸ್ತಿ ಅಂದರೆ ಪಂಪ್ ಒದ್ದಾಡುತ್ತಿದೆ, ಫ್ಯೂಯಲ್ ಫಿಲ್ಟರ್ ಕಟ್ಟಿದ್ದರೂ ಹೀಗಾಗುತ್ತದೆ, ಮೊದಲು ಅದನ್ನು ಬದಲಿಸಿ. ಇರಬೇಕಾದ್ದಕ್ಕಿಂತ ಕಡಿಮೆ ಅಂದರೆ ಮತ್ತೆ ವೈರಿಂಗ್ ಕಡೆಗೇ ಬನ್ನಿ. ಟ್ಯಾಂಕ್ ಖಾಲಿಯಾಗಿ ಪಂಪ್ ಒಣಗಿ ತಿರುಗುತ್ತಿದ್ದರೂ ಕಡಿಮೆ ಬರುತ್ತದೆ. ಹಾಗೆ ತಿರುಗಲು ಬಿಡಬೇಡಿ, ಪಂಪ್ ತಣ್ಣಗಿರುವುದೇ ಅದರ ಸುತ್ತ ಇರುವ ಪೆಟ್ರೋಲ್‌ನಿಂದ.

ಬಂದು ಹೋಗುವ ಕಾಯಿಲೆ

ಬಿಸಿಯಾದಾಗ ನಿಂತು ತಣ್ಣಗಾದಾಗ ಓಡುವ ಗಾಡಿಯನ್ನು ತಣ್ಣಗಿರುವಾಗ ಪರೀಕ್ಷೆ ಮಾಡಿ ಪ್ರಯೋಜನ ಇಲ್ಲ. ಪಂಪ್ ವೈರ್‌ಗೆ ರಿಲೇಯ 87ರ ಹತ್ತಿರ ಒಂದು ತೆಳು ವೈರ್ ಸೇರಿಸಿ ಸಣ್ಣ ಫ್ಯೂಸ್ ಹಾಕಿ ಡ್ರೈವರ್ ಕಣ್ಣಿಗೆ ಕಾಣುವ ಹಾಗೆ ಒಂದು ಪುಟ್ಟ ದೀಪ ಕಟ್ಟಿ. ಗಾಡಿ ಓಡಿಸಿ. ನಿಂತ ಮೇಲೆ ಸೆಲ್ಫ್ ಹೊಡೆಯುವಾಗಲೂ ದೀಪ ಹತ್ತದಿದ್ದರೆ ದೋಷ ರಿಲೇ, ಫ್ಯೂಸ್, ಇಸಿಯು ಕಡೆ. ಸೆಲ್ಫ್ ಹೊಡೆಯುವಾಗ ದೀಪ ಉರಿಯುತ್ತಲೇ ಇದ್ದು ಪಂಪ್ ಸತ್ತಿದ್ದರೆ ಹಿಂದಿನ ವೈರ್, ಅರ್ತ್ ಅಥವಾ ಪಂಪ್. ಹಳೆ ರಿಲೇಗಳ ಒಳಗೆ ಬೆಸುಗೆ ಬಿರುಕು ಬಿಟ್ಟು ಬಿಸಿಗೆ ತೆರೆದುಕೊಳ್ಳುವುದು ಮಾಮೂಲು. ಮುಚ್ಚಳ ತೆಗೆದು ಪಿನ್ ಬುಡದಲ್ಲಿ ಬೆಸುಗೆ ಸುತ್ತ ಕೂದಲಿನಂಥ ಉಂಗುರ ಕಂಡರೆ ಅದೇ.

ಸರಿಪಡಿಸುವಾಗ

ಸುಟ್ಟ ಕಪ್ಲರ್ ತೊಳೆದು ಮತ್ತೆ ಹಾಕಬೇಡಿ, ಬದಲಿಸಿ. ವೈರ್ ಮೊದಲಿನಷ್ಟೇ ದಪ್ಪ ಇರಲಿ. ಚೆನ್ನಾಗಿ ಕ್ರಿಂಪ್ ಮಾಡಿ (ಟರ್ಮಿನಲ್ ಒತ್ತಿ ಕಚ್ಚಿಸಿ), ಒಳಗೆ ಅಂಟು ಇರುವ ಹೀಟ್ ಶ್ರಿಂಕ್, ಅಂದರೆ ಬಿಸಿಗೆ ಕುಗ್ಗುವ ಕೊಳವೆ, ಹಾಕಿ. ಟ್ಯಾಂಕ್ ಹತ್ತಿರ ಬೆಂಕಿಪೆಟ್ಟಿಗೆ, ಬೆಸುಗೆ ಕಡ್ಡಿ, ಹೀಟ್ ಗನ್ ಯಾವುದೂ ಬೇಡ. ವೈರ್ ದೂರಕ್ಕೆ ಎಳೆದುಕೊಂಡು ಅಲ್ಲಿ ಕೆಲಸ ಮುಗಿಸಿ. ವೈರ್ ಮೇಲೆ ಕಚ್ಚಿಸಿ ಒತ್ತುವ ಪ್ಲಾಸ್ಟಿಕ್ ಟ್ಯಾಪ್‌ಗಳು ಕೆಸರು ಬೀಳುವ ಜಾಗಕ್ಕೆ ಲಾಯಕ್ಕಿಲ್ಲ, ಎಳೆಗಳನ್ನು ಕತ್ತರಿಸಿ ನೀರಿಗೆ ದಾರಿ ಮಾಡಿಕೊಡುತ್ತವೆ.

ಎಲ್ಲ ಅಳೆದ ಮೇಲೂ ಬೆರಳು ಪಂಪ್ ಕಡೆಗೇ ತೋರಿಸಿದರೆ ಸರಿ, ಈಗ ಧೈರ್ಯವಾಗಿ ಹೊಸದು ತನ್ನಿ. ಬ್ಯಾಟರಿ ಮೈನಸ್ ಬಿಚ್ಚಿ, ಪೈಪ್‌ನ ಪ್ರೆಷರ್ ಇಳಿಸಿ ಆಮೇಲೆ ಕೈ ಹಾಕಿ. ಟ್ಯಾಂಕ್ ತುಂಬಿದ್ದರೆ ಅದನ್ನು ಇಳಿಸುವುದಕ್ಕಿಂತ ಲೋಡ್ ಬಾಡಿಯ ಬೋಲ್ಟ್ ಬಿಚ್ಚಿ ಎತ್ತುವುದೇ ಎಷ್ಟೋ ಸಲ ಸಲೀಸು. ಹೊಸ ಪಂಪ್ ಜೊತೆ ಬಂದ ಕಪ್ಲರ್ ಮತ್ತು ವೈರ್ ತುಂಡನ್ನು ಡಬ್ಬಿಯಲ್ಲೇ ಬಿಡಬೇಡಿ, ಹಾಕಿ.

ಜೋಡಿಸಿದ ಮೇಲೆ ಅದೇ ಅಳತೆ ಇನ್ನೊಮ್ಮೆ: ಪಂಪ್ ಓಡುವಾಗ ಕಪ್ಲರ್‌ನಲ್ಲಿ ಎಷ್ಟು ವೋಲ್ಟ್? ಜೊತೆಗೆ ಪ್ರೆಷರ್ ಗೇಜ್ ಹಾಕಿ ನೋಡಿ. ಪೈಪ್‌ನಿಂದ ಪೆಟ್ರೋಲ್ ಚಿಮ್ಮಿತು ಅಂದರೆ ಸಾಲದು. ಷೆವರ್ಲೆಯ ಥ್ರಾಟಲ್ ಬಾಡಿ ಗಾಡಿಗೆ 9ರಿಂದ 13 ಪಿಎಸ್‌ಐ ಸಾಕು, 1996ರಲ್ಲಿ ಬಂದ ಅದರದೇ ವೋರ್ಟೆಕ್ ವಿ8 ಇಂಜಿನ್‌ಗೆ 60ರಿಂದ 66 ಬೇಕು. 50ರ ಹತ್ತಿರ ಬಂದರೆ ಅದು ಸ್ಟಾರ್ಟೇ ಆಗದಿರಬಹುದು. ಪ್ರೆಷರ್ ಏರಿ ನಿಂತ ಮೇಲೆ ಟ್ಯಾಂಕ್ ಮೇಲಿನ ಪೈಪ್ ಜೋಡಣೆಗಳನ್ನೆಲ್ಲ ಬೆರಳಿನಿಂದ ಸವರಿ, ಎಲ್ಲೂ ಒದ್ದೆ ಇಲ್ಲ ಅಂತ ನೋಡಿಕೊಂಡು ಲೋಡ್ ಬಾಡಿ ಬೋಲ್ಟ್ ಬಿಗಿ ಮಾಡಿ.